ಬುಡೇನ್ ಸಾಬಿ ಆಡಿದ ಒಂದು ಸುಳ್ಳು

ನಾಯಂಡಹಳ್ಳಿಯ ಕಲಾಯಿ ಬುಡೇನ್ ಸಾಬಿ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಪಾತ್ರೆಗೆ ತವರ ಬಳಿದು ಕೊಡುವಾಗ, ಇದು ಆರೇ ತಿಂಗಳು ಬರುವುದು ಎಂದು ತಾನಾಗಿಯೇ ಹೇಳುತ್ತಿದ್ದ. ಹೀಗಾಗಿ ಅವನ ಮಾತನ್ನು ಎಮ್ಮೆಗಳೂ ನಂಬುತ್ತಿದ್ದವು.

ಐವತ್ತನಾಲ್ಕನೆಯ ಇಸವಿಯಲ್ಲಿ ಆ ಊರಿನ ಕೆಂಚಪ್ಪ, ಚಿಕ್ಕಣ್ಣ ಎಂಬ ಅಣ್ಣತಮ್ಮಂದಿರು ಪಾಲಾಗಿ ಬೇರೆಯಾದರು. ಮನೆಯ ತಾಮ್ರದ ಹಂಡೆಯನ್ನೂ ಗರಗಸ ಹಾಕಿ ಸೀಳಿಕೊಂಡರು. ಮಾತು ನಿಂತಿತು. ಇಬ್ಬರೂ ಒಟ್ಟಿಗೆ ಕೂತು ಉಣ್ಣುವ ತನಕ ತುತ್ತು ಮುಟ್ಟುವುದಿಲ್ಲವೆಂದು ತಾಯಿ ಲಿಂಗಮ್ಮ ಮಲಗಿಬಿಟ್ಟಳು. ಐದನೆಯ ದಿನ ಬುಡೇನನನ್ನು ಕರೆಸಿದಳು.

"ಚಿಕ್ಕೋನು ಅತ್ಕೊಂಡು ಕೂತವ್ನೆ ಅಂತ ದೊಡ್ಡೋನಿಗೆ ಹೇಳಪ್ಪ. ದೊಡ್ಡೋನು ಅಳ್ತಾವ್ನೆ ಅಂತ ಚಿಕ್ಕೋನಿಗೆ ಹೇಳು."

"ಅವರು ಅತ್ತಿಲ್ವಲ್ಲವ್ವ."

"ಅತ್ತಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಬುಡೇನ್ ಕೆಂಗೇರಿಗೆ ನಡೆದು ಮಸೀದಿಯ ಹಜರತರನ್ನು ಕೇಳಿದ.

"ಸುಳ್ಳು ಬೆಂಕಿ ಇದ್ದಂಗೆ, ಅದರ ಗುಣಾನೇ ಕೆಟ್ಟದ್ದು, ಯಾರು ಮುಟ್ಟಿದ್ರೂ ಸುಡುತ್ತೆ ಅಂತ ಹಿಂದೆ ಕೆಲವು ಪಂಡಿತರು ಹೇಳಿದ್ರು," ಎಂದರು ಹಜರತರು. "ಇನ್ನು ಕೆಲವರು, ಅಲ್ಲಾ ಬೇಡ ಅಂದಿದ್ದಕ್ಕೇ ಅದು ಕೆಟ್ಟದ್ದು, ಆತ ಒಪ್ಪಿದ ಕಡೆ ಕೆಟ್ಟದ್ದಲ್ಲ ಅಂದ್ರು. ನೂರಾರು ವರ್ಷ ವಾದ ಮಾಡಿದ್ರು."

"ಯಾರು ಗೆದ್ರು ಹಜರತ್?"

"ಎಲ್ಲರೂ ತೀರ್ಕೊಂಡ್ರು. ಮುರಿದ ಮನಸ್ಸು ಕೂಡಿಸೋಕೆ ಆಡಿದ ಮಾತಿಗೆ ಮಾಫಿ ಉಂಟು. ಆಯಮ್ಮ ಉಂಡು ಎಷ್ಟು ದಿನ ಆಯ್ತು?"

"ಐದು."

"ಮತ್ತೆ ಇಲ್ಲೇನು ಮಾಡ್ತಾ ಕೂತಿದೀಯ?"

ಬುಡೇನ್ ಬೆವರುತ್ತ ಹೋಗಿ ಕೆಂಚಪ್ಪನಿಗೆ ಸುಳ್ಳು ಹೇಳಿದ. ಸುಳ್ಳಾಡದವನ ಮಾತು, ಕೆಂಚಪ್ಪ ಗಳಗಳನೆ ಅತ್ತ. ಊರ ಪಕ್ಕದ ವೃಷಭಾವತಿ ಹೊಳೆ ಒಂದು ಗೇಣು ಏರಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಚಿಕ್ಕಣ್ಣನಿಗೆ ಹೇಳಿದ್ದು ಶುದ್ಧ ನಿಜವೇ ಆಯಿತು.

ಸಂಜೆ ಇಬ್ಬರೂ ತಾಯಿಯ ಮುಂದೆ ಉಣ್ಣಲು ಕೂತರು. ಬುಡೇನನನ್ನೂ ಕೂರಿಸಿಕೊಂಡರು.

"ನೀನು ಅಳ್ತಿದೀಯ ಅಂದ್ರು, ಅದಕ್ಕೇ ಬಂದೆ ಕಣಣ್ಣ," ಎಂದ ಚಿಕ್ಕಣ್ಣ.

"ಮೊದಲು ಅತ್ತಿದ್ದು ನೀನಲ್ವೇನೋ?"

"ನಾನಾ?"

ಇಬ್ಬರೂ ಬುಡೇನನ ಕಡೆ ತಿರುಗಿದರು. ಮಾಫಿ ಸಿಕ್ಕಿದ್ದು ಕೂಡಿಸುವುದಕ್ಕೆ, ಕೂಡಿದ ಮೇಲಿನದಕ್ಕಲ್ಲ. ನಿಜ ಹೇಳಲು ಬಾಯಿ ತೆರೆದ. ಲಿಂಗಮ್ಮ ತೆಂಗಿನಕಾಯಿ ಗಾತ್ರದ ಮುದ್ದೆಯ ತುತ್ತನ್ನು ಅದರೊಳಗೆ ಇಟ್ಟಳು.

"ಉಣ್ಣೋವಾಗ ಮಾತಾಡಬಾರ್ದು ಕಣ್ರೋ," ಎಂದು ತಾನೂ ಒಂದು ತುತ್ತು ನುಂಗಿದಳು. ಬುಡೇನನ ತುತ್ತು ಗಂಟಲಿಳಿಯುವಷ್ಟರಲ್ಲಿ ಅಣ್ಣತಮ್ಮಂದಿರು ಕೇಳಿದ್ದನ್ನು ಮರೆತು, ಉಳಿದ ಒಂದು ಮುದ್ದೆಯನ್ನು ಒಬ್ಬರ ತಟ್ಟೆಗೊಬ್ಬರು ದೂಡುತ್ತಿದ್ದರು.

ಶುಕ್ರವಾರ ಬುಡೇನ್ ಮತ್ತೆ ಕೆಂಗೇರಿಗೆ ಹೋದ.

"ಹಜರತ್, ಬಾಯಲ್ಲಿ ಮುದ್ದೆ ಇತ್ತು, ಸುಮ್ನಿದ್ದೆ. ಅದೂ ಸುಳ್ಳಾ?"

ಹಜರತರು ಗಡ್ಡ ನೀವಿಕೊಂಡರು.

"ಸಾರು ಯಾವುದು?"