ಐದೂ ಕೈ ಪೆಟ್ರೋಲಿಗೆ

ಕನ್ನಡ ನಾಡು ಒಂದಾಗಿ ಇನ್ನೂ ಮೂರು ವಾರ ಆಗಿರಲಿಲ್ಲ, ಮುಂಡರಗಿಯ ನಮ್ಮ ಶೇಂಗಾ ಬೆಳೆಗಾರರ ಸೊಸೈಟಿ ಎರಡಾಗುವ ಹಂತಕ್ಕೆ ಬಂತು. ಕಾರಣ ಲಾರಿ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟಿದ್ದ ಪೆಟ್ರೋಲ್ ಲಾರಿಯೊಂದನ್ನು ಹತ್ತು ವರ್ಷ ಓಡಿಸಿದ್ದೆವು. ಅದು ಡಂಬಳದ ಹತ್ತಿರ ನಿಂತದ್ದು ಮತ್ತೆ ಹೊರಡಲಿಲ್ಲ. ಹೊಸದು ಬೇಕು ಎನ್ನುವುದರಲ್ಲಿ ಕಮಿಟಿಯ ಐವರಿಗೂ ತಕರಾರಿರಲಿಲ್ಲ. ಪೆಟ್ರೋಲಿನದೋ ಡೀಸೆಲ್ಲಿನದೋ ಎಂಬಲ್ಲಿ ಮಾತ್ರ ಒಬ್ಬರ ಮುಖ ಒಬ್ಬರು ನೋಡದಂತಾಯಿತು. ಐವರಲ್ಲಿ ಒಬ್ಬನಿಗೂ ಲಾರಿ ನಡೆಸಲು ಬರುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು. ಆ ಐವರಲ್ಲಿ ನಾನೂ ಒಬ್ಬ, ಹೆಸರು ಕಳಕಪ್ಪ. ಕಮಿಟಿಯ ತೀರ್ಮಾನವನ್ನು ಠರಾವಾಗಿ ಬರೆಯುವ ಕೆಲಸ ನನ್ನದು.

ಗದಗಿನ ಇಬ್ಬರು ವ್ಯಾಪಾರಿಗಳು ಪರೀಕ್ಷೆಗೆಂದು ಒಂದೊಂದು ಲಾರಿ ಕಳಿಸಿದರು. ನಮ್ಮ ಅಧ್ಯಕ್ಷರು ಅಂದಪ್ಪನವರು, ಎತ್ತು ಆರಿಸುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಅವರು ಎರಡೂ ಲಾರಿಗಳನ್ನು ಎರಡೆರಡು ಸುತ್ತು ಹಾಕಿದರು, ಗಾಲಿ ಒದ್ದು ನೋಡಿದರು, ಬಾನೆಟ್ ಎತ್ತಿಸಿ ಒಳಗೆ ಬಹಳ ಹೊತ್ತು ದಿಟ್ಟಿಸಿ, ಮುಚ್ಚಿಸಿದರು. ಡೀಸೆಲ್ ಲಾರಿ ಚಾಲೂ ಮಾಡಿದಾಗ ಕರಿ ಹೊಗೆ ಬಂತು.

"ಕೆಮ್ಮತೈತಲ್ಲಪಾ ಇದು," ಎಂದರು ಅಂದಪ್ಪನವರು. "ಕೆಮ್ಮೋ ಎತ್ತು ಯಾರರ ಕೊಳ್ತಾರೇನು?"

ಕಮಿಟಿಯ ಸಕ್ರಪ್ಪ ಮಾತ್ರ ಡೀಸೆಲ್ಲೇ ಆಗಬೇಕೆಂದು ಪಟ್ಟು ಹಿಡಿದಿದ್ದ. ಹುಬ್ಬಳ್ಳಿಯ ಅವನ ಬೀಗರು ಹಾಗೆ ಹೇಳಿದ್ದರಂತೆ. ಮೂರು ದಿನ ವಾದ ನಡೆದು, ಎಲ್ಲರ ಗಂಟಲೂ ಒಣಗಿದ ಮೇಲೆ, ಡ್ರೈವರ್ ಯಮನೂರಸಾಬನನ್ನು ಕೇಳೋಣ ಎಂದಾಯಿತು. ಹತ್ತು ವರ್ಷ ನಮ್ಮ ಲಾರಿ ಓಡಿಸಿದವನನ್ನು ಕೇಳಬೇಕೆಂದು ಬುದ್ಧಿವಂತರಿಗೆ ಹೊಳೆಯಲು ಮೂರು ದಿನ ಹೆಚ್ಚೇನಲ್ಲ.

ಯಮನೂರಸಾಬ ಅರವತ್ತು ಚೀಲ ಶೇಂಗಾ ಹೇರಿಕೊಂಡು ಒಂದೊಂದು ಲಾರಿಯನ್ನೂ ಗದಗಿಗೆ ಒಯ್ದು ತಂದ. ಎರಡೂ ಸಲ ಪಕ್ಕದಲ್ಲಿ ನಾನು ಕೂತಿದ್ದೆ. ಪೆಟ್ರೋಲ್ ಲಾರಿ ಸದ್ದಿಲ್ಲದೆ ಹೋಯಿತು, ಏರು ಬಂದಲ್ಲೆಲ್ಲ ಸೋತಿತು, ಗದಗ ಮುಟ್ಟುವಷ್ಟರಲ್ಲಿ ಟಾಕಿ ಅರ್ಧ ಕುಡಿದಿತ್ತು. ಡೀಸೆಲ್ ಲಾರಿ ನನ್ನ ಹಲ್ಲು ಕಟಕಟ ಅನ್ನಿಸಿತು, ಆದರೆ ಏರನ್ನು ಏರೆಂದು ಲೆಕ್ಕಕ್ಕೇ ಇಡಲಿಲ್ಲ. ಅದರ ಕ್ಲಚ್ ಮಾತ್ರ ಬಿರುಸು. ಯಮನೂರಸಾಬನ ಎಡಗಾಲಿನ ಮೇಲೆ ಎರಡು ವರ್ಷದ ಹಿಂದೆ ಜ್ಯಾಕ್ ಜಾರಿ ಬಿದ್ದಿತ್ತು. ಗೇರು ಬದಲಿಸುವಾಗಲೆಲ್ಲ ಅವನು ಅಂಗೈಯಿಂದ ಮೊಣಕಾಲನ್ನು ಕೆಳಗೆ ಒತ್ತುತ್ತಿದ್ದ. ತಿರುಗಿ ಬಂದು ಇಳಿದ ಮೇಲೆ ಲಾರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಮರುದಿನ ಕಮಿಟಿಯ ಮುಂದೆ ನಿಂತು ಅವನು ಹೇಳಿದ್ದು ಇಷ್ಟೇ.

"ಡೀಸಲ್ ತೊಗೋರಿ. ಅರ್ಧ ಖರ್ಚಿನ್ಯಾಗ ಹೋಗತೈತಿ. ಕೆಮ್ಮತೈತಿ ಖರೆ, ಕೆಮ್ಮಕೋಂತನ ಏರು ಹತ್ತತೈತಿ. ಆದರ ಕ್ಲಚ್ ನನ್ನ ಕಾಲಿಗೆ ಆಗೂದಿಲ್ರಿ. ಬ್ಯಾರೆ ಡ್ರೈವರನ ನೋಡ್ಕೋರಿ."

ಅವನ ಮನೆಯಲ್ಲಿ ಹೆಂಡತಿ ಬೀಬಿಜಾನ, ನಾಲ್ಕು ಮಕ್ಕಳು. ಬೇರೆ ಕೆಲಸ ಗೊತ್ತಿಲ್ಲ. ಇಷ್ಟಿದ್ದೂ ಇಂಥ ಮಾತನ್ನು ಮಳೆ-ಬಿಸಿಲಿನ ಮಾತಾಡಿದಷ್ಟು ಸಲೀಸಾಗಿ ಹೇಳಿದ. ಅಂದಪ್ಪನವರು ಅವನಿಗೆ ಹೊರಗೆ ಹೋಗಿ ಚಾ ಕುಡಿಯಲು ಹೇಳಿ, ಬಾಗಿಲು ಮುಚ್ಚಿಸಿದರು.

"ನೋಡ್ರಿ," ಎಂದರು, "ನಾ ನಲವತ್ತು ವರ್ಷ ಎತ್ತಿನ ಸಂತಿ ಮಾಡೇನಿ. ತನ್ನ ಎತ್ತಿನ ಐಬು ತಾನ ಹೇಳಾಂವ ಹಿತ್ತಲದಾಗ ಇನ್ನೊಂದು ಕಟ್ಟಿರತಾನ. ತನ್ನ ಅನ್ನಕ್ಕ ತಾನ ಯಾರರ ಕಲ್ಲು ಹಾಕ್ಕೋತಾರೇನು? ಡೀಸಲ್ ಮಾರಾಂವ ಇವನ ಕೈ ಬಿಸಿ ಮಾಡ್ಯಾನ."

ಎಲ್ಲರಿಗೂ ಇದು ಥಟ್ಟನೆ ಅರ್ಥವಾಯಿತು. ಮೂರು ದಿನ ಡೀಸೆಲ್ ಡೀಸೆಲ್ ಎಂದು ಜಪ ಮಾಡಿದ್ದ ಸಕ್ರಪ್ಪನೂ, "ಹಂಗಾದರ ನನಗ ಡೀಸಲ್ ಬ್ಯಾಡ," ಎಂದ.

ಕಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ತಲೆ ಓಡಿತು. ಇವರು ಅವನನ್ನು ನಂಬಿದರೆ ಅವನು ನಾಳೆ ಮನೆಯಲ್ಲಿರುತ್ತಾನೆ, ನಂಬದಿದ್ದರೆ ನೌಕರಿಯಲ್ಲಿರುತ್ತಾನೆ. ಬಾಯಿ ಮುಚ್ಚಿಕೊಂಡಿರುವುದೇ ಪುಣ್ಯದ ಕೆಲಸವೆಂದು ತೀರ್ಮಾನಿಸಿ, ಎಲ್ಲರಿಗಿಂತ ಮೊದಲು ಪೆಟ್ರೋಲಿಗೆ ಕೈ ಎತ್ತಿದೆ. ಠರಾವಿನಲ್ಲಿ 'ಸರ್ವಾನುಮತದಿಂದ' ಎಂದು ದುಂಡಗೆ ಬರೆದೆ. ಇನ್ನು ಮೇಲೆ ಲಾರಿ ಹೊರಟಾಗಲೆಲ್ಲ ಡ್ರೈವರನ ಮೇಲೆ ಕಣ್ಣಿಡಲು ಕಮಿಟಿಯ ಒಬ್ಬರು ಜೊತೆಗಿರತಕ್ಕದ್ದು ಎಂದು ಅಂದಪ್ಪನವರು ಇನ್ನೊಂದು ಸಾಲು ಸೇರಿಸಿದರು. ಆ ಕೆಲಸವನ್ನೂ ನಂಬಿಗಸ್ತನೆಂದು ನನಗೇ ವಹಿಸಿದರು.

ನಾನು ಹೊರಗೆ ಬಂದೆ. ಯಮನೂರಸಾಬ ಚಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ.

"ನಿನ್ನ ನೌಕರಿ ಉಳೀತು," ಎಂದೆ. ಖುಷಿ ಪಡುತ್ತಾನೆಂದು ಅವನ ಮುಖವನ್ನೇ ನೋಡಿದೆ.

"ಪೆಟ್ರೋಲೇನ್ರಿ? ಯಾಕಂತ?"

ಎತ್ತಿನ ಸಂತೆಯ ಮಾತನ್ನು ಅವನಿಗೆ ಹೇಳದೆ ಗತಿ ಇರಲಿಲ್ಲ. ಹೇಳಿದೆ.

"ಎಷ್ಟು ಮಂದಿ ಕೈ ಎತ್ತಿದ್ರಿ?"

"ಐದೂ ಮಂದಿ."

ಅವನು ನನ್ನ ಮುಖ ನೋಡಿದ. "ನೀವೂ?"

"ನಿನ್ನ ಸಲುವಾಗೇ ಎತ್ತಿದ್ನೋ ಮಾರಾಯಾ."

"ನೌಕರಿ ಹೋದ್ರ ಹೊಲಕ್ಕ ಕೂಲಿಗೆ ಹೋಗ್ತಿದ್ನಿರಿ ಕಳಕಪ್ಪಾರ," ಎಂದ. ದನಿ ಏರಿಸಲಿಲ್ಲ. "ಕಳ್ಳ ಅನ್ನಿಸಿಕೊಂಡು ಗಾಡಿ ಹತ್ತಬೇಕಾತು. ಒಂದ ಒಂದು ಕೈ ಡೀಸಲ್‌ಗೆ ಎದ್ದಿದ್ರ ಸಾಕಿತ್ತು."

ಹೊಸ ಪೆಟ್ರೋಲ್ ಲಾರಿ ಮುಂದಿನ ವಾರ ಬಂತು. ಪೂಜೆಯಾಯಿತು, ಅಂದಪ್ಪನವರೇ ಕಾಯಿ ಒಡೆದರು. ಮೊದಲ ಹೇರಿಗೆ ನಾನು ಅವನ ಪಕ್ಕದಲ್ಲಿ ಕಾವಲು ಕೂತೆ. ಡಂಬಳ ದಾಟಿ ಏರು ಹತ್ತುವಾಗ ಎಂಜಿನ್ನಿನಿಂದ ಕಟಕ್ ಕಟಕ್ ಎಂದು ಏನೋ ಸಪ್ಪಳ ಶುರುವಾಯಿತು. ಹಳೆಯ ಲಾರಿಯಲ್ಲಿ ಇಂಥದ್ದೇನಾದರೂ ಆದರೆ ನಾನು ಕೇಳುವ ಮೊದಲೇ ಅದು ಇಂಥದ್ದು, ಹೆದರಬ್ಯಾಡ್ರಿ ಎನ್ನುತ್ತಿದ್ದ. ಈ ಸಲ ಏನೂ ಅನ್ನಲಿಲ್ಲ.

"ಏನದು ಸಪ್ಪಳ?" ಎಂದೆ.

ಅವನು ರಸ್ತೆ ನೋಡುತ್ತಲೇ ಗೇರು ಇಳಿಸಿದ.

"ನಾ ಹೇಳಿದರ ನಂಬತೀರೇನ್ರಿ?"

ನನಗೆ ಬಹಳ ನಾಚಿಕೆಯಾಯಿತು. ನಂಬುತ್ತೇನೆ ಎನ್ನಲು ಬಾಯಿ ತೆರೆದೆ, ಆದರೆ ಆ ಮಾತು ಆಡಬೇಕಾದ ಜಾಗ ಕಮಿಟಿಯಾಗಿತ್ತು, ಇದಾಗಿರಲಿಲ್ಲ. ಗದಗಿನ ಸ್ಟೇಶನ್ ಬರುವವರೆಗೆ ಇಬ್ಬರೂ ಆ ಸಪ್ಪಳ ಕೇಳುತ್ತ ಹೋದೆವು.