ಏಳು ಹುಡುಗಿಯರ ಸಂಘದ ಕೊನೆಯ ಪ್ರಶ್ನೆ

ಅಲಬಾಮಾದ ಆ ಕಪ್ಪು ಜನರ ಕಾಲೇಜಿನಲ್ಲಿ ವಿದ್ಯಾರ್ಥಿನಿಯರೇ ಕಟ್ಟಿಕೊಂಡ ಸೋದರಿ ಸಂಘಕ್ಕೆ ಸೇರುವುದೆಂದರೆ ಹುಡುಗಾಟವೇ? ವಾರಗಟ್ಟಲೆ ತೋಳಿಗೆ ತೋಳು ಹೆಣೆದು ಒಂದೇ ಸಾಲಿನಲ್ಲಿ ನಡೆಯಬೇಕು, ಹಿರಿಯ ಸೋದರಿಯರು ಎಲ್ಲಿ ಕಂಡರಲ್ಲಿ ನಿಂತು ಸಂಘದ ಚರಿತ್ರೆ ಒಪ್ಪಿಸಬೇಕು. ಈ ಸಲದ ಸಾಲು ಸವೆದು ಸವೆದು ಇಬ್ಬರಿಗೆ ಬಂದು ನಿಂತಿತ್ತು: ಒಡೆಸ್ಸಾ ಮತ್ತು ವರ್ಲೀನ್.

ಒಡೆಸ್ಸಾಳಿಗೆ ಚರಿತ್ರೆ ನೀರು ಕುಡಿದಷ್ಟು ಸಲೀಸು. ಸಂಘ ಕಟ್ಟಿದ ಏಳು ಹುಡುಗಿಯರ ಹೆಸರು, ಅವರಲ್ಲಿ ಬಟ್ಟೆ ಒಗೆಯುವವಳ ಮಗಳನ್ನು ಕೈಬಿಟ್ಟರೆ ಮಾತ್ರ ಅನುಮತಿ ಎಂದು ಪ್ರಿನ್ಸಿಪಾಲರು ಹೇಳಿದ್ದು, ಏಳೂ ಜನ ಎದ್ದು ಹೊರನಡೆದದ್ದು, ಎಲ್ಲವನ್ನೂ ಗಡಗಡ ಹೇಳಿಬಿಡುತ್ತಿದ್ದಳು. ವರ್ಲೀನ್‌ಗೆ ಪಾಪ, ಉಗ್ಗು. ಜೊತೆಯಲ್ಲಾದರೆ ಹೇಗೋ ಸಾಗುತ್ತಿತ್ತು, ಒಬ್ಬಳೇ ನಿಂತರೆ ಗಂಟಲು ಕಟ್ಟುತ್ತಿತ್ತು.

ಶನಿವಾರ ಮಧ್ಯಾಹ್ನ, ಸಂಘದ ಮನೆಯ ಜಗಲಿಯಲ್ಲಿ ಕೊನೆಯ ಪರೀಕ್ಷೆ. ನಾಳೆಯ ದೀಕ್ಷೆಗೆಂದು ಒಡೆಸ್ಸಾಳ ಅವ್ವ ಬಿಳಿ ಉಡುಪು ಹೊಲಿದಾಗಿದೆ, ಇಡೀ ಚರ್ಚಿಗೆ ಡಂಗುರ ಸಾರಿಯೂ ಆಗಿದೆ! ಈಗ ಹೊರಬಿದ್ದರೆ ಯಾವ ಮುಖ ಹೊತ್ತು ಊರಿಗೆ ಹೋಗುವುದು?

"ವರ್ಲೀನ್, ನೀನೊಬ್ಳೇ ಚರಿತ್ರೆ ಹೇಳೇ," ಎಂದಳು ಸಾಲಿನ ಉಸ್ತುವಾರಿ ಹೊತ್ತ ಹಿರಿಯ ಸೋದರಿ ಥಾಮಸೀನಾ.

ವರ್ಲೀನ್ ಮೂರನೆಯ ಹೆಸರಿಗೇ ಸಿಕ್ಕಿಹಾಕಿಕೊಂಡಳು.

"ಸಾಕು ಬಿಡು. ಒಳಗೆ ಜಾಗ ಇರೋದು ಒಬ್ಳಿಗೇ. ಯಾರನ್ನ ಕೈಬಿಡೋಣ, ನೀವೇ ಹೇಳಿ. ಒಡೆಸ್ಸಾ?"

ಒಡೆಸ್ಸಾ ಪಕ್ಕಕ್ಕೆ ನೋಡಲಿಲ್ಲ. "ನಂಗೆಲ್ಲಾ ಬರುತ್ತೆ ದೊಡ್ಡಕ್ಕ. ವರ್ಲೀನ್‌ನ ಕೈಬಿಡಿ."

"ವರ್ಲೀನ್, ನೀನು?"

"ಒ-ಒಬ್ರನ್ನ ಬಿಡೋದಾದ್ರೆ ಇ-ಇಬ್ರೂ ಹೋಗ್ತೀವಿ."

ಜಗಲಿಯಲ್ಲಿದ್ದ ಹಿರಿಯ ಸೋದರಿಯರೆಲ್ಲ ಎದ್ದು ನಿಂತರು. ಆಗ ಒಡೆಸ್ಸಾಳಿಗೆ ಹೊಳೆಯಿತು. ಅಯ್ಯೋ ದೇವರೇ, ಉತ್ತರವನ್ನು ತಾನೇ ದಿನವೂ ಒಪ್ಪಿಸುತ್ತಿದ್ದಳಲ್ಲ! ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಬಾಯಿಪಾಠ ಚೆನ್ನಾಗಿದೆ ಕಣೇ ನಿಂದು," ಎಂದಳು ಥಾಮಸೀನಾ, ದನಿ ಏರಿಸದೆ. "ಮನೆಗೆ ಹೋಗು. ವರ್ಲೀನ್, ಬಾ ಒಳಗೆ."

ವರ್ಲೀನ್ ಕದಲಲಿಲ್ಲ. ಒಡೆಸ್ಸಾಳ ತೋಳಿಗೆ ಹೆಣೆದ ತೋಳನ್ನು ಇನ್ನಷ್ಟು ಬಿಗಿ ಹಿಡಿದಳು. "ಆ ಏ-ಏಳು ಜನ ಒಬ್ಳನ್ನ ಬಿಟ್ಟಿದ್ರಾ, ದೊ-ದೊಡ್ಡಕ್ಕ?"

"ಇಲ್ಲ. ಆದ್ರೆ ಅವರಲ್ಲಿ ಯಾರೂ ಇನ್ನೊಬ್ಳ ಹೆಸರು ಹೇಳಿರ್ಲಿಲ್ಲ. ಬರ್ತೀಯೋ ಇಲ್ವೋ? ಈಗ ಬರದಿದ್ರೆ ಈ ಬಾಗಿಲು ಮತ್ತೆ ತೆರೆಯಲ್ಲ."

ವರ್ಲೀನ್ ಇಲ್ಲವೆಂದು ತಲೆಯಾಡಿಸಿದಳು. ಒಡೆಸ್ಸಾಳಲ್ಲಿ ಆಸೆ ಚಿಗುರಿತು. ಸುಮ್ಮನೆ ನಿಂತರೆ ಸಾಕು, ಈ ಹಟಕ್ಕೆ ಸೋತು ತನ್ನನ್ನೂ ಕರೆದರೂ ಕರೆದಾರು. ಕರೆಯದಿದ್ದರೆ? ಇವಳನ್ನೂ ಮುಳುಗಿಸಿದಂತೆ.

ಅವಳು ವರ್ಲೀನ್‌ಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡೇ ಮಂಕೇ. ನಿನ್ನ ಹೆಸರು ಹೇಳಿದವಳು ನಾನು ಕಣೇ," ಎಂದಳು. "ಒಳಗೆ ಹೋಗು."

ಬೆನ್ನಿಗೆ ಕೈಕೊಟ್ಟು ಅವಳನ್ನು ಬಾಗಿಲಿನತ್ತ ನೂಕಿ, ಒಡೆಸ್ಸಾ ಒಬ್ಬಳೇ ಮೆಟ್ಟಿಲಿಳಿದಳು.