ಪೂರ್ವದ ಗ್ರಹ

ತಾವರಗೇರಾ ಕಡೆಯ ಯಂಕೋಬ ಮತ್ತು ಅವನ ಹೆಂಡತಿ ಮಾರೆವ್ವ ಆ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಕುರಿ ಹೊಡೆದುಕೊಂಡು ಬಂದು, ಗಂಗಾವತಿ ತಾಲೂಕಿನ ಒಂದು ಕುರುಚಲು ಗುಡ್ಡದ ಬುಡದಲ್ಲಿ ಬಿಡಾರ ಹೂಡಿದ್ದರು. ಜೊತೆಗೆ ಅವರದೇ ಬಳಗದ ಇನ್ನೆರಡು ಸಂಸಾರಗಳಿದ್ದವು. ಬಂದ ಸ್ವಲ್ಪ ದಿನಕ್ಕೇ ಬಲೆ ಕಟ್ಟಿದ ಹಟ್ಟಿಯಿಂದ ಮರಿಗಳು ಕಾಣೆಯಾಗತೊಡಗಿದವು. ಗುಡ್ಡದ ಮೇಲೆ ತೋಳದ ಗವಿಯಿರುವುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಮರಿ ಒಯ್ದವರು ಯಾರು ಎಂದು ಯಾರೂ ಕೇಳಲಿಲ್ಲ.

ಆ ಗುಡ್ಡ ಕಾಯುವವನು ಸಿದ್ದಾರ್ಥ. ಅರಣ್ಯ ಇಲಾಖೆಯ ವಾಚರ್, ಪಕ್ಕದ ಊರಿನವನು. ಅವನ ಜೊತೆ ಒಂದು ದಿನ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದು, ಕುರಿಗಾರರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ, ತೋಳಗಳ ಬಗ್ಗೆ ಪೂರ್ವಗ್ರಹ ಇಟ್ಟುಕೊಳ್ಳಬಾರದು ಎಂದು ಭಾಷಣ ಮಾಡಿ ಹೋದ. ಜೀಪು ಹೋದ ಮೇಲೆ ಯಂಕೋಬ ಅದರ ಅರ್ಥ ಬಿಡಿಸಿ ಹೇಳಿದ. ಅದು ಮೂಡಲ ದಿಕ್ಕಿನ ಒಂದು ಗ್ರಹ, ಶನಿ ಇದ್ದ ಹಾಗೆ, ಹೆಗಲೇರಿದರೆ ಬಿಡುವುದಿಲ್ಲ. ಅಂದಿನಿಂದ ಬಿಡಾರದಲ್ಲಿ ಸಾರು ಉಕ್ಕಿದರೂ ಪೂರ್ವದ ಗ್ರಹ, ಮೊಬೈಲಿನ ಚಾರ್ಜು ಮುಗಿದರೂ ಪೂರ್ವದ ಗ್ರಹ.

ಮತ್ತೊಂದು ಮರಿ ಹೋದಾಗ ಗಂಡಸರು ಕೂತು ಮಾತಾಡಿಕೊಂಡರು. ಮರುದಿನ ಬೆಳಗಾದ ಮೇಲೆ ಗವಿಯ ಬಾಯಿಗೆ ಒಣಮೆಣಸಿನಕಾಯಿ ಹೊಗೆ ಹಾಕಿ, ಕಲ್ಲು ಮುಚ್ಚಿ ಬರುವುದು ಎಂದಾಯಿತು. ಅವರು ಅಂದೇ ಹೋಗಿ ಗವಿಯ ಜಾಗ ನೋಡಿಕೊಂಡೂ ಬಂದರು. ಸುದ್ದಿ ತಿಳಿದ ಸಿದ್ದಾರ್ಥ ಸಂಜೆ ಓಡೋಡಿ ಬಂದ. ಅವನು ನೀರು ಕೇಳಿದಾಗ ಮಾರೆವ್ವ ಚೊಂಬನ್ನು ಮೇಲೆತ್ತಿ ಅವನ ಬೊಗಸೆಗೆ ಸುರಿದಳು. ಅವಳ ಅತ್ತೆಯೂ ಅಂಥವರಿಗೆ ಹಾಗೇ ಸುರಿಯುತ್ತಿದ್ದಳು. ಅದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಗವಿಯೊಳಗೆ ತೋಳದ ಮರಿಗಳಿವೆ, ಹೊಗೆ ಹಾಕಬೇಡಿ, ಹಾಕಿದರೆ ಕೇಸಾಗುತ್ತದೆ ಎಂದು ಸಿದ್ದಾರ್ಥ ಕೇಳಿಕೊಂಡ. ಹಟ್ಟಿಗೆ ಬಂದದ್ದು ತೋಳವೇ ಎಂದು ಯಾರಾದರೂ ನೋಡಿದ್ದೀರಾ ಎಂದೂ ಕೇಳಿದ. ತೋಳ ಅಂದರೆ ತೋಳ, ಅದನ್ನು ನೋಡಿಯೇ ತಿಳಿಯಬೇಕಾ ಎಂದು ಯಂಕೋಬ ಮುಖ ತಿರುಗಿಸಿದ. ಮಾತು ತಿಳಿಯಾಗಲಿ ಎಂದು ಮಾರೆವ್ವ ನಡುವೆ ಬಂದು, ಆ ಸಾಹೇಬರು ಹೇಳಿದ ಗ್ರಹಕ್ಕೆ ಏನಾದರೂ ಶಾಂತಿ ಮಾಡಿಸಬಹುದೇನು ಎಂದು ಕೇಳಿದಳು.

ಸಿದ್ದಾರ್ಥ ನಗಲಿಲ್ಲ.

"ಅದು ಮ್ಯಾಲಿನ ಗ್ರಹ ಅಲ್ಲ ಯವ್ವಾ. ಗ್ರಹ ಅಂದ್ರ ಹಿಡಿಯೋದು. ಕಣ್ಣು ನೋಡೂದಕ್ಕಿಂತ ಮೊದ್ಲ ಮನಸ್ಸು ಒಂದನ್ನ ಗಟ್ಟಿ ಹಿಡಕೊಂಡು ಕುಂದ್ರತೈತಲ್ಲ, ಅದು." ಒದ್ದೆ ಕೈ ಒರೆಸಿಕೊಳ್ಳುತ್ತ ಮತ್ತೆ ಹೇಳಿದ, "ನಾ ಮೊದಲ ಸಲ ಬಂದಾಗ ನೀವು ನನ್ನ ಹೆಸರು ಕೇಳಲಿಲ್ಲ. ಯಾವ ಕೇರ್ಯಾಂವ ಅಂತ ಕೇಳಿದ್ರಿ. ಕೇಳಿದ ಮ್ಯಾಲೆ ಚೊಂಬು ಮ್ಯಾಲಕ್ಕ ಹೋತು."

ದನಿಯಲ್ಲಿ ಸಿಟ್ಟಿರಲಿಲ್ಲ. ಮಾರೆವ್ವನಿಗೆ ಅದೇ ಕಷ್ಟವಾಯಿತು. ಅವನು ಎದ್ದು ಹೋದ.

ಮರುದಿನ ಬೆಳಕು ಹರಿಯುವ ಮುಂಚೆ ಒಂದು ಕುರಿ ಗುಡ್ಡ ಹತ್ತಿ ತಪ್ಪಿಸಿಕೊಂಡಿತ್ತು. ಅದನ್ನು ಹುಡುಕುತ್ತ ಮಾರೆವ್ವ ಮೇಲೆ ಹೋಗಿ, ದಮ್ಮು ಬಂದು ಒಂದು ಬಂಡೆಗೆ ಆತು ಕೂತಳು. ಮೂಡಲ ಕೆಂಪಾಗುತ್ತಿತ್ತು. ಅಷ್ಟರಲ್ಲಿ ಬಂಡೆಗಳ ಸಂದಿನಿಂದ ಅದು ಹೊರಬಂತು.

ಒಣ ಹುಲ್ಲಿನ ಬಣ್ಣದ ಉದ್ದ ಕಾಲಿನ ಪ್ರಾಣಿ, ಪಕ್ಕೆಲುಬು ಎಣಿಸುವ ಹಾಗಿತ್ತು. ಬಾಯಲ್ಲಿ ಕಪ್ಪಗಿನದೊಂದು ಜೋತಾಡುತ್ತಿತ್ತು. ಕುರಿಮರಿಯೇ ಎಂದು ಮಾರೆವ್ವ ಕೋಲಿಗೆ ಕೈ ಹಾಕಿದಳು. ಆ ಕಪ್ಪಗಿನದು ಕಾಲಾಡಿಸಿ ಕುಂಯ್‌ಗುಟ್ಟಿತು. ಅದು ತೋಳದ ಮರಿ. ಹಿಂದಿನ ದಿನ ಗಂಡಸರು ಗವಿಯ ಹತ್ತಿರ ಸುಳಿದದ್ದಕ್ಕೆ ತಾಯಿ ತನ್ನ ಮಕ್ಕಳನ್ನು ಬೇರೆಡೆಗೆ ಸಾಗಿಸುತ್ತಿತ್ತು. ಹಲ್ಲಿದ್ದ ಬಾಯಿ ಅಷ್ಟು ಮೆತ್ತಗೆ ಹಿಡಿಯಬಲ್ಲದು ಎಂದು ಮಾರೆವ್ವ ಕನಸಿನಲ್ಲೂ ಎಣಿಸಿರಲಿಲ್ಲ. ಅದು ಹೋಗಿ ಮತ್ತೆ ಬಂತು, ಇನ್ನೊಂದನ್ನು ಕಚ್ಚಿಕೊಂಡು ಹೊರಟಿತು. ಈ ಸಲ ಅವಳ ವಾಸನೆ ಹತ್ತಿತೋ ಏನೋ, ಎದುರಿಗೇ ನಿಂತುಬಿಟ್ಟಿತು. ಕೋಲು ಚಾಚಿದರೆ ಮುಟ್ಟುವಷ್ಟು ಹತ್ತಿರ. ಹಳದಿ ಕಣ್ಣುಗಳು ಅವಳನ್ನು ನೋಡಿದವು. ಅವಳ ಮೈಕೂದಲು ನಿಮಿರಿತು. ಆದರೆ ಅದು ಹೆದರಿಕೆಯಲ್ಲ. ದೇವರ ಗುಡಿಯ ಬಾಗಿಲು ತೆರೆದಾಗ ಆಗುವಂಥದ್ದು.

ಆಗಲೇ ಕೆಳಗಿನಿಂದ ಯಂಕೋಬನ ಕೂಗು ಕೇಳಿತು. ತೋಳ ಬಂತು, ತೋಳ ಮರಿ ಒಯ್ಯಿತು ಎಂದು ಅವನು ಗಂಟಲು ಹರಿದುಕೊಳ್ಳುತ್ತಿದ್ದ.

ತೋಳ ಕಿವಿ ನಿಮಿರಿಸಿ, ಮರಿಯನ್ನು ಕಚ್ಚಿಕೊಂಡೇ ಅವಳ ಮುಂದೆ ನಿಂತಿತ್ತು. ಮಾರೆವ್ವ ಕೆಳಗೆ ನೋಡಿದಳು. ಹಟ್ಟಿಯಿಂದ ರಸ್ತೆಯ ಕಡೆಗೆ ನಾಯಿಗಳ ಹಿಂಡೊಂದು ಓಡುತ್ತಿತ್ತು. ಕೋಳಿ ಅಂಗಡಿಯವರು ಸುರಿಯುವ ತಿಪ್ಪೆಯ ಮೇಲೆ ದಿನವೂ ಮಲಗಿರುತ್ತಿದ್ದ ನಾಯಿಗಳೇ. ಮುಂದಿನ ನಾಯಿಯ ಬಾಯಲ್ಲಿ ಕುರಿಮರಿಯಿತ್ತು, ನಾಯಿಯ ಕೊರಳಲ್ಲಿ ಹಗ್ಗದ ತುಂಡು ನೇತಾಡುತ್ತಿತ್ತು. ಅವಳು ಮತ್ತೆ ತಿರುಗಿದಾಗ ತೋಳ ಅವಳ ಪಕ್ಕದಲ್ಲೇ ಹಾದು ಬಂಡೆಯಾಚೆ ಇಳಿದು ಹೋಯಿತು.

ಮಾರೆವ್ವ ಕೆಳಗೆ ಬರುವಷ್ಟರಲ್ಲಿ ಗಂಡಸರು ಕೋಲು, ಮೆಣಸಿನಕಾಯಿ ಹಿಡಿದು ಹೊರಟಿದ್ದರು. ಸಿದ್ದಾರ್ಥ ಒಬ್ಬನೇ ಅವರನ್ನು ತಡೆದು ನಿಂತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಯಂಕೋಬ ನಂಬಲಿಲ್ಲ.

"ನಾ ಕಣ್ಣಾರೆ ನೋಡೀನಿ," ಎಂದ.

"ಏನ್ ನೋಡಿದಿ? ಬಣ್ಣ ಹೇಳು," ಎಂದಳು ಮಾರೆವ್ವ.

ಯಂಕೋಬ ಹೇಳಲು ಬಾಯಿ ತೆರೆದ. ಬಣ್ಣ ನೆನಪಿಗೆ ಬರಲಿಲ್ಲ. ಅವನು ಮಸುಕಿನಲ್ಲಿ ಏನೋ ಓಡಿದ್ದನ್ನಷ್ಟೇ ಕಂಡಿದ್ದ, ತೋಳವನ್ನು ತಾನೇ ತುಂಬಿಕೊಂಡಿದ್ದ. ಇಬ್ಬರು ರಸ್ತೆಗೆ ಹೋಗಿ ನೋಡಿ ಬಂದರು. ತಿಪ್ಪೆಯ ಬದಿಯಲ್ಲಿ ಉಣ್ಣೆ ಹರಡಿತ್ತು. ಯಾರೂ ಗುಡ್ಡ ಹತ್ತಲಿಲ್ಲ.

ಮಾರೆವ್ವ ಒಳಗೆ ಹೋಗಿ ಚೊಂಬು ತುಂಬಿ ತಂದು ಸಿದ್ದಾರ್ಥನ ಕೈಗೇ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದ. ಆಮೇಲೆ ಕುಡಿದ. ಯಂಕೋಬ ನೆಲ ನೋಡುತ್ತಿದ್ದ. ಆ ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಸಿದ್ದಾರ್ಥ ಬಂದರೆ ಎದ್ದು ಕುರಿ ಕಡೆ ಹೋಗುವುದನ್ನೂ ಅವನು ಬಹಳ ದಿನ ಬಿಡಲಿಲ್ಲ.

ಚಳಿಗಾಲ ಕಳೆದು ಬಿಸಿಲೇರಿದ ಮೇಲೆ ಅವರು ಯಲಬುರ್ಗಾ ಕಡೆಗೆ ನಡೆದರು. ಕಡಲೆ ಕಿತ್ತ ಎರೆಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದರು. ಹೊಲದ ಒಡತಿ ವಿಜಯಲಕ್ಷ್ಮಿ ಬುತ್ತಿ ತಂದವಳು, ಗಂಗಾವತಿ ಗುಡ್ಡದ ತೋಳಗಳು ನಿಮ್ಮ ಮರಿಗಳನ್ನೆಲ್ಲ ತಿಂದವಂತೆ, ಹೌದೇನು ಎಂದು ಕೇಳಿದಳು. ಮಾರೆವ್ವ ಕುರಿಗಳ ನಡುವೆ ಇದ್ದಳು, ಅವಳಿಗೆ ಕೇಳಿಸಲಿಲ್ಲ. ಯಂಕೋಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ದೂರದಲ್ಲಿದ್ದ ಹೆಂಡತಿಯನ್ನು ತೋರಿಸಿದ.

"ಅಕೀನ್ನ ಕೇಳ್ರಿ," ಎಂದ. "ಅಕಿ ನೋಡ್ಯಾಳ. ನಾ ನೋಡಿಲ್ಲ."